ಹತ್ತು ಜನ, ಹನ್ನೊಂದು ಜನ: ಮಾರ್ಕಸ್ ಫ್ರೀಮನ್ ಎದುರಿಸಿದ ಒಂದು ಸೋಲು

2024ರ ಸೆಪ್ಟೆಂಬರ್ 7, ಶನಿವಾರ. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ಸ್ಟೇಡಿಯಂ. 77 ಸಾವಿರಕ್ಕೂ ಜಾಸ್ತಿ ಜನ ಕೂರುವ ಜಾಗ. ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಆಟ ಮುಗಿಯಲು ಇನ್ನು 31 ಸೆಕೆಂಡ್ ಉಳಿದಿದೆ. ನಾರ್ದರ್ನ್ ಇಲಿನಾಯ್ ತಂಡದ ಕೇನನ್ ವುಡಿಲ್ 35 ಯಾರ್ಡ್ ದೂರದಿಂದ ಚೆಂಡನ್ನು ಒದ್ದರು. ಅದು ಎರಡು ಕಂಬಗಳ ನಡುವೆ ಹಾದು ಹೋಯಿತು. ನಾರ್ದರ್ನ್ ಇಲಿನಾಯ್ 16, ನೋಟರ್ ಡೇಮ್ 14.

ಕೊನೇ ಗಳಿಗೆಯಲ್ಲಿ ನೋಟರ್ ಡೇಮ್ 62 ಯಾರ್ಡ್ ದೂರದಿಂದ ಒದ್ದು ನೋಡಿತು. ಎದುರಾಳಿಗಳು ಅದನ್ನೂ ತಡೆದರು. ಆಟ ಮುಗಿಯಿತು.

ನೋಟರ್ ಡೇಮ್ ಆಗ ದೇಶದಲ್ಲಿ 5ನೇ ರ‍್ಯಾಂಕಿನ ತಂಡ. 28 ಅಂಕಗಳ ಅಂತರದಲ್ಲಿ ಗೆಲ್ಲುತ್ತದೆ ಎಂದು ಎಲ್ಲರೂ ಲೆಕ್ಕ ಹಾಕಿದ್ದ ಪಂದ್ಯ ಅದು. ಇಂಥ ಪಂದ್ಯಗಳ ಹಿಂದೆ ಒಂದು ವ್ಯವಹಾರವೂ ಇರುತ್ತದೆ. ದೊಡ್ಡ ವಿಶ್ವವಿದ್ಯಾಲಯ ಸಣ್ಣ ತಂಡವನ್ನು ದುಡ್ಡು ಕೊಟ್ಟು ತನ್ನ ಮೈದಾನಕ್ಕೆ ಕರೆಸುತ್ತದೆ. ಸಣ್ಣ ತಂಡ ಬಂದು, ಆಡಿ, ಸಾಮಾನ್ಯವಾಗಿ ಸೋತು, ದುಡ್ಡು ತೆಗೆದುಕೊಂಡು ಹೋಗುತ್ತದೆ. ಆ ದಿನ ಹಾಗಾಗಲಿಲ್ಲ. ನಾರ್ದರ್ನ್ ಇಲಿನಾಯ್ ಕೋಚ್ ಥಾಮಸ್ ಹ್ಯಾಮಕ್ ಅದೇ ವಿಶ್ವವಿದ್ಯಾಲಯದ ಹಳೆಯ ಆಟಗಾರ. ಟಿವಿ ಕ್ಯಾಮೆರಾ ಮುಂದೆ ನಿಂತು ಅವರು ಬಿಕ್ಕಿ ಬಿಕ್ಕಿ ಅತ್ತರು. ಮೊದಲ ಐದು ರ‍್ಯಾಂಕಿನೊಳಗಿನ ತಂಡವೊಂದನ್ನು ಅವರ ವಿಶ್ವವಿದ್ಯಾಲಯ ಸೋಲಿಸಿದ್ದು ಅದೇ ಮೊದಲು.

ಮೈದಾನದ ಇನ್ನೊಂದು ಬದಿಯಲ್ಲಿ ನಿಂತಿದ್ದವರು ನೋಟರ್ ಡೇಮ್‌ನ ಹೆಡ್ ಕೋಚ್ ಮಾರ್ಕಸ್ ಫ್ರೀಮನ್. ವಯಸ್ಸು 38. ಹಿಂದೆ ಲೈನ್‌ಬ್ಯಾಕರ್ ಆಗಿದ್ದವರು. ಈ ಬರಹ ಅವರು ಆ ಸೋಲನ್ನು ಏನು ಮಾಡಿದರು ಅನ್ನುವುದರ ಬಗ್ಗೆ. ಕೋಚಿಂಗ್ ಅಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ತೋರಿಸುವುದು ಈ ಒಂದು ಪ್ರಕರಣವನ್ನೇ.

ಆಟದ ಬಗ್ಗೆ ಎರಡು ಮಾತು

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಒಂದೊಂದು ಕಡೆ 11 ಜನ. ಚೆಂಡು ಇರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ. ನಾಲ್ಕನೆಯದಕ್ಕೂ ಆಗದಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ಮೂರು ಸಲ ಆಗದಿದ್ದರೆ ಹೆಚ್ಚಿನ ತಂಡಗಳು ನಾಲ್ಕನೇ ಸಲ ಚೆಂಡನ್ನು ದೂರ ಒದ್ದುಬಿಡುತ್ತವೆ. ಇದಕ್ಕೆ ಪಂಟ್ ಅನ್ನುತ್ತಾರೆ. ಚೆಂಡನ್ನು ಕೊನೇ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಅದರ ಹಿಂದೆಯೇ ಒಂದು ಒದೆಗೆ ಇನ್ನೊಂದು ಅಂಕ. ಗೆರೆ ದಾಟಿಸಲಾಗದಿದ್ದರೆ ದೂರದಿಂದ ಕಂಬಗಳ ನಡುವೆ ಒದ್ದು 3 ಅಂಕ ತೆಗೆದುಕೊಳ್ಳಬಹುದು. ಅದು ಫೀಲ್ಡ್ ಗೋಲ್.

ಲೈನ್‌ಬ್ಯಾಕರ್ ನಿಲ್ಲುವುದು ಡಿಫೆನ್ಸ್‌ನ, ಅಂದರೆ ಎದುರಾಳಿಯನ್ನು ತಡೆಯುವ ಪಡೆಯ, ಮುಂಚೂಣಿಯ ದೈತ್ಯರ ಹಿಂದೆ, ನಾಲ್ಕೈದು ಯಾರ್ಡ್ ದೂರದಲ್ಲಿ. ಅಲ್ಲಿಂದ ಅವನಿಗೆ ಎಲ್ಲ ಕಾಣುತ್ತದೆ. ಎದುರಾಳಿ ಹೇಗೆ ನಿಂತಿದ್ದಾನೆ, ಯಾರ ಕಾಲು ಯಾವ ಕಡೆ ತಿರುಗಿದೆ, ನಮ್ಮವರು ಎಷ್ಟು ಜನ ಎಲ್ಲಿದ್ದಾರೆ. ಕೂಗಿ ಹೇಳುವವನೂ ಅವನೇ, ಓಡಿ ಬೀಳಿಸುವವನೂ ಅವನೇ. ಲೈನ್‌ಬ್ಯಾಕರ್‌ಗಳಾಗಿದ್ದವರಲ್ಲಿ ಅನೇಕರು ಒಳ್ಳೇ ಕೋಚ್‌ಗಳಾಗಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಆಟವನ್ನು ನಡುವಿನಿಂದ ನೋಡಿ ಅಭ್ಯಾಸವಾದವರು ಅವರು.

ಹೃದಯ ಹೇಳಿದ್ದು

ಫ್ರೀಮನ್ ಹುಟ್ಟಿದ್ದು 1986ರ ಜನವರಿ 10ರಂದು. ತಂದೆ ಕಪ್ಪು ವರ್ಣದ ಅಮೆರಿಕನ್, ವಾಯುಪಡೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ತಾಯಿ ದಕ್ಷಿಣ ಕೊರಿಯಾದವರು. ತಂದೆಗೆ ಅಲ್ಲಿ ಡ್ಯೂಟಿ ಬಿದ್ದಿದ್ದಾಗ ಇಬ್ಬರಿಗೂ ಪರಿಚಯವಾದದ್ದು. ಮಗ ಬೆಳೆದಿದ್ದು ಒಹಾಯೋ ರಾಜ್ಯದ ಡೇಟನ್ ಪಕ್ಕದ ಹ್ಯೂಬರ್ ಹೈಟ್ಸ್‌ನಲ್ಲಿ. ಕಾಲೇಜು ಒಹಾಯೋ ಸ್ಟೇಟ್. ಅಲ್ಲಿ ಜಿಮ್ ಟ್ರೆಸೆಲ್ ಹೆಡ್ ಕೋಚ್, ಲೈನ್‌ಬ್ಯಾಕರ್‌ಗಳನ್ನು ತಿದ್ದುತ್ತಿದ್ದವರು ಲೂಕ್ ಫಿಕಲ್. ಪಕ್ಕದಲ್ಲೇ ಆಡುತ್ತಿದ್ದ ಇನ್ನೊಬ್ಬ ಲೈನ್‌ಬ್ಯಾಕರ್, ಆಪ್ತ ಗೆಳೆಯ ಜೇಮ್ಸ್ ಲಾರಿನೈಟಿಸ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ಡ್ರಾಫ್ಟ್ ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು. 2009ರ ಡ್ರಾಫ್ಟ್‌ನಲ್ಲಿ ಶಿಕಾಗೊ ಬೇರ್ಸ್ ತಂಡ ಫ್ರೀಮನ್‌ರನ್ನು 5ನೇ ಸುತ್ತಿನಲ್ಲಿ ಆರಿಸಿಕೊಂಡಿತು. ಅಲ್ಲಿ ಜಾಗ ಗಟ್ಟಿಯಾಗಲಿಲ್ಲ. ಆಮೇಲೆ ಬಫಲೊ ಬಿಲ್ಸ್, ಹ್ಯೂಸ್ಟನ್ ಟೆಕ್ಸನ್ಸ್ ತಂಡಗಳ ಅಭ್ಯಾಸ ಪಡೆಯಲ್ಲಿ ಇದ್ದರು. ಅಭ್ಯಾಸ ಪಡೆ ಅಂದರೆ ವಾರವಿಡೀ ಬೆವರು ಸುರಿಸಿ, ಪಂದ್ಯದ ದಿನ ಬದಿಗೆ ನಿಲ್ಲುವವರು. 2010ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಅವರನ್ನು ಕರೆಸಿತು. ಸೇರಿಸಿಕೊಳ್ಳುವ ಮುಂಚೆ ಎಲ್ಲರಿಗೂ ಮಾಡುವ ದೇಹ ತಪಾಸಣೆ ಇವರಿಗೂ ಮಾಡಿದರು. ಹೃದಯದ ಕವಾಟದಲ್ಲಿ ತೊಂದರೆ ಇರುವುದು ಗೊತ್ತಾಯಿತು. ಆಟ ಅಲ್ಲಿಗೆ ನಿಂತಿತು. ಆಗ ವಯಸ್ಸು 24.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ಹುಡುಗನಾಗಿದ್ದಾಗಿನಿಂದ ಒಂದೇ ಕೆಲಸಕ್ಕೆ ತಯಾರಾದ ಮನುಷ್ಯನಿಗೆ ಒಂದು ಬೆಳಿಗ್ಗೆ ವೈದ್ಯರು 'ಇನ್ನು ಬೇಡ' ಅನ್ನುತ್ತಾರೆ. ಅವನದ್ದೇನೂ ತಪ್ಪಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಫ್ರೀಮನ್ ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಅದೇ ವರ್ಷ ಒಹಾಯೋ ಸ್ಟೇಟ್‌ಗೆ ವಾಪಸ್ ಬಂದು ಕೋಚ್‌ಗಳ ಕೈಕೆಳಗೆ ಸಣ್ಣಪುಟ್ಟ ಕೆಲಸಕ್ಕೆ ನಿಂತರು. 2011ರಲ್ಲಿ ಕೆಂಟ್ ಸ್ಟೇಟ್, 2013ರಿಂದ ಪರ್ಡ್ಯೂ, 2017ರಿಂದ ಸಿನ್ಸಿನಾಟಿ. ಸಿನ್ಸಿನಾಟಿಗೆ ಕರೆದವರು ಅವರ ಹಳೇ ಗುರು ಲೂಕ್ ಫಿಕಲ್ಲೇ. ಅಲ್ಲಿ ಇಡೀ ಡಿಫೆನ್ಸ್‌ನ ಹೊಣೆ ಸಿಕ್ಕಿತು. 2021ರಲ್ಲಿ ನೋಟರ್ ಡೇಮ್ ಅದೇ ಕೆಲಸಕ್ಕೆ ಕರೆಯಿತು. ಆ ವರ್ಷದ ಕೊನೆಗೆ ಹೆಡ್ ಕೋಚ್ ಬ್ರಯನ್ ಕೆಲ್ಲಿ ಲೂಯಿಸಿಯಾನಾ ಸ್ಟೇಟ್‌ಗೆ ಹೊರಟುಹೋದರು. ಡಿಸೆಂಬರ್ 3ರಂದು ಫ್ರೀಮನ್ ಹೆಸರು ಪ್ರಕಟವಾಯಿತು. ಅವರು ಆಟಗಾರರ ಕೋಣೆಗೆ ಕಾಲಿಟ್ಟ ಕ್ಷಣದ ವಿಡಿಯೋ ಇದೆ. ಹುಡುಗರೆಲ್ಲ ಕಿರುಚುತ್ತಾ ಅವರ ಮೇಲೆ ಮುಗಿಬಿದ್ದರು.

ಅಷ್ಟು ಪ್ರೀತಿ ಇತ್ತು. ಆದರೆ ನೋಟರ್ ಡೇಮ್‌ನಲ್ಲಿ ಪ್ರೀತಿ ಒಂದೇ ಸಾಲದು. 11 ರಾಷ್ಟ್ರೀಯ ಪ್ರಶಸ್ತಿ ತನ್ನದು ಎಂದು ಎಣಿಸಿಕೊಳ್ಳುವ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಅದು. ಕೊನೆಯದು ಬಂದಿದ್ದು 1988ರಲ್ಲಿ.

ಹಳೇ ಗಾಯಗಳು

ಆ ಸೆಪ್ಟೆಂಬರ್ ಸೋಲು ಅಷ್ಟು ಉರಿದಿದ್ದೇಕೆ ಎಂದು ತಿಳಿಯಬೇಕಾದರೆ ಅದಕ್ಕಿಂತ ಹಿಂದಿನದನ್ನು ನೋಡಬೇಕು.

ಹೆಡ್ ಕೋಚ್ ಆಗಿ ಫ್ರೀಮನ್‌ರ ಮೊದಲ ಪಂದ್ಯ 2022ರ ಜನವರಿ 1ರ ಫಿಯೆಸ್ಟಾ ಬೌಲ್. ಬೌಲ್ ಅಂದರೆ ಋತುವಿನ ಕೊನೆಗೆ ಆಡುವ ವಿಶೇಷ ಪಂದ್ಯ. ಒಕ್ಲಹೋಮ ಸ್ಟೇಟ್ ವಿರುದ್ಧ 28–7 ಮುಂದಿದ್ದರು. 37–35ಕ್ಕೆ ಸೋತರು. ಮುಂದಿನ ಋತುವಿನ ಮೊದಲ ಪಂದ್ಯ ತಮ್ಮದೇ ಹಳೇ ಕಾಲೇಜು ಒಹಾಯೋ ಸ್ಟೇಟ್ ವಿರುದ್ಧ, ಅದೂ ಸೋಲು. ಎರಡನೆಯದು ಮನೆಯಂಗಳದಲ್ಲಿ ಮಾರ್ಷಲ್ ಅನ್ನುವ ಸಣ್ಣ ತಂಡದ ವಿರುದ್ಧ, 26–21ಕ್ಕೆ ಸೋಲು. ಅದೇ ವರ್ಷ ಮತ್ತೆ ಮನೆಯಲ್ಲೇ ಸ್ಟ್ಯಾನ್‌ಫರ್ಡ್ ವಿರುದ್ಧ 16–14. ದೊಡ್ಡವರೆದುರು ಚೆನ್ನಾಗಿ ಆಡಿ, ಸುಲಭ ಅನ್ನಿಸಿದ ಕಡೆ ಕಾಲು ಜಾರುವ ತಂಡ ಅನ್ನುವ ಹೆಸರು ಅಂಟಿಕೊಂಡಿತು.

ಇವೆಲ್ಲಕ್ಕಿಂತ ಆಳದ ಗಾಯ 2023ರ ಸೆಪ್ಟೆಂಬರ್ 23ರದ್ದು. ಮತ್ತೆ ಒಹಾಯೋ ಸ್ಟೇಟ್, ಈ ಸಲ ಸೌತ್ ಬೆಂಡ್‌ನಲ್ಲಿ. ನೋಟರ್ ಡೇಮ್ 14–10 ಮುಂದಿದೆ. ಚೆಂಡು ನೋಟರ್ ಡೇಮ್‌ನ ಗೆರೆಯಿಂದ 1 ಯಾರ್ಡ್ ದೂರದಲ್ಲಿದೆ. ಉಳಿದಿರುವುದು 7 ಸೆಕೆಂಡ್. ಒಹಾಯೋ ಸ್ಟೇಟ್ ಒಂದು ಪಾಸ್ ಎಸೆಯಿತು, ಯಾರಿಗೂ ಸಿಗಲಿಲ್ಲ. 3 ಸೆಕೆಂಡ್ ಉಳಿಯಿತು. ಮುಂದಿನ ಅವಕಾಶದಲ್ಲಿ ಚಿಪ್ ಟ್ರೇಯಾನಮ್ ಚೆಂಡು ಹಿಡಿದು ನುಗ್ಗಿದರು. ಗೆರೆ ದಾಟಿದಾಗ ಗಡಿಯಾರದಲ್ಲಿ 1 ಸೆಕೆಂಡ್. 17–14.

ಆ ಎರಡೂ ಅವಕಾಶಗಳಲ್ಲಿ ನೋಟರ್ ಡೇಮ್ ಕಡೆ ಮೈದಾನದಲ್ಲಿ ಇದ್ದಿದ್ದು ಹತ್ತೇ ಜನ.

ವಿಡಿಯೋ ನಿಲ್ಲಿಸಿ ಬೆರಳು ಮಡಚಿ ಎಣಿಸಬಹುದು. ನಾನು ಎಣಿಸಿದ್ದೇನೆ. ಮುಂಚೂಣಿಯಲ್ಲಿ ನಾಲ್ವರು ಇರಬೇಕಾದ ಕಡೆ ಮೂವರು. ಇಡೀ ವರ್ಷದ ಅಭ್ಯಾಸ, ತಂತ್ರ, ತಯಾರಿ ಎಲ್ಲ ಇದ್ದೂ, ಅತಿ ಮುಖ್ಯ ಗಳಿಗೆಯಲ್ಲಿ ಒಬ್ಬ ಕಡಿಮೆ. ಕೊನೇ ಅವಕಾಶಕ್ಕೆ ಮುಂಚೆ ಅದು ಕೋಚ್‌ಗಳ ಕಣ್ಣಿಗೆ ಬಿತ್ತು. ಆದರೆ ತಡವಾಗಿ ಒಬ್ಬನನ್ನು ಒಳಗೆ ಓಡಿಸಿದರೆ ಪೆನಾಲ್ಟಿ ಬೀಳುತ್ತದೆ ಎಂದು ತಡೆದರು. ಇದನ್ನು ಫ್ರೀಮನ್ ತಾವೇ ಹೇಳಿದರು. ತಪ್ಪು ಕೋಚ್‌ಗಳದ್ದು, ನಮ್ಮದು ಎಂದೂ ಹೇಳಿದರು.

ನನ್ನ ಪ್ರಕಾರ ಆ ನಿರ್ಧಾರವೇ ತಪ್ಪು. ಚೆಂಡು 1 ಯಾರ್ಡ್‌ನಲ್ಲಿ ಇರುವಾಗ ಪೆನಾಲ್ಟಿ ಬಿದ್ದರೆ ಹೋಗುವುದು ಅರ್ಧ ಯಾರ್ಡ್ ಮಾತ್ರ. ಅಷ್ಟನ್ನು ಕೊಟ್ಟು ಹನ್ನೊಂದನೆಯವನನ್ನು ನಿಲ್ಲಿಸಿಕೊಳ್ಳಬಹುದಿತ್ತು. ಆದರೆ 77 ಸಾವಿರ ಜನ ಕಿರುಚುತ್ತಿರುವಾಗ, ಮೂರು ಸೆಕೆಂಡ್ ಉಳಿದಿರುವಾಗ, ಈ ಲೆಕ್ಕ ತಲೆಯಲ್ಲಿ ಹೊಳೆಯಬೇಕು ಅಂದರೆ ಅದನ್ನು ಮೊದಲೇ ಅಭ್ಯಾಸ ಮಾಡಿರಬೇಕು. ಮಾಡಿರಲಿಲ್ಲ. ಅದೇ ಅಲ್ಲಿನ ನಿಜವಾದ ತಪ್ಪು.

ಆ ಶನಿವಾರ

ಈಗ 2024ಕ್ಕೆ ಬರೋಣ. ಋತು ಶುರುವಾಗಿದ್ದು ಭರ್ಜರಿಯಾಗಿ. ಆಗಸ್ಟ್ 31ರಂದು ಟೆಕ್ಸಸ್‌ನ ಕಾಲೇಜ್ ಸ್ಟೇಷನ್‌ನಲ್ಲಿ, ಲಕ್ಷಕ್ಕೂ ಜಾಸ್ತಿ ಜನರ ಎದುರು, ಟೆಕ್ಸಸ್ ಎ ಅಂಡ್ ಎಂ ವಿರುದ್ಧ 23–13 ಗೆಲುವು. ಎಲ್ಲರೂ ಹೊಗಳಿದರು. ಒಂದು ವಾರ ಆದ ಮೇಲೆ ನಾರ್ದರ್ನ್ ಇಲಿನಾಯ್.

ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವರು. ಹೊಸ ಕ್ವಾರ್ಟರ್‌ಬ್ಯಾಕ್ ರೈಲಿ ಲೆನರ್ಡ್ ಡ್ಯೂಕ್ ವಿಶ್ವವಿದ್ಯಾಲಯದಿಂದ ಬಂದವರು. ಕಾಲಲ್ಲಿ ಓಡುವುದರಲ್ಲಿ ಗಟ್ಟಿಗ. ಕೈಯಲ್ಲಿ ಎಸೆಯುವುದು ಇನ್ನೂ ಹದಕ್ಕೆ ಬಂದಿರಲಿಲ್ಲ. ಅರ್ಧ ಆಟಕ್ಕೆ ನಾರ್ದರ್ನ್ ಇಲಿನಾಯ್ 13–7 ಮುಂದಿತ್ತು. ಅವರ ಆಂಟಾರಿಯೊ ಬ್ರೌನ್ ಒಂದು ಸಣ್ಣ ಪಾಸ್ ಹಿಡಿದು 83 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ್ದರು. ಮೂರನೇ ಭಾಗದಲ್ಲಿ ನೋಟರ್ ಡೇಮ್‌ನ ಜೆರಮಾಯಾ ಲವ್ 34 ಯಾರ್ಡ್ ಓಡಿ 14–13 ಮಾಡಿದರು. ಅಲ್ಲಿಂದ ಮುಂದೆ ಆಟ ಕೈಯಲ್ಲಿದೆ ಅನಿಸಿತು.

ಸುಮಾರು ಆರು ನಿಮಿಷ ಉಳಿದಿರುವಾಗ ಲೆನರ್ಡ್ ಉದ್ದಕ್ಕೆ ಒಂದು ಪಾಸ್ ಎಸೆದರು. ಎದುರಾಳಿ ಹಿಡಿದುಕೊಂಡ. ಒಂದು ಅಂಕ ಮುಂದಿದ್ದೀರಿ, ಸಮಯ ನಿಮ್ಮ ಕಡೆ ಇದೆ, ಆ ಪಾಸ್ ಬೇಕಾಗಿರಲಿಲ್ಲ. ಆಮೇಲೆ ನಾರ್ದರ್ನ್ ಇಲಿನಾಯ್ ಅವಸರ ಮಾಡಲಿಲ್ಲ. ಮೂರು ಯಾರ್ಡ್, ನಾಲ್ಕು ಯಾರ್ಡ್, ಹಾಗೇ ತಳ್ಳಿಕೊಂಡು ಬಂದರು. ದೇಶದ ಬಲಿಷ್ಠ ಡಿಫೆನ್ಸ್‌ಗಳಲ್ಲಿ ಒಂದು ಅವರನ್ನು ನಿಲ್ಲಿಸಲಾಗದೆ ಹಿಂದೆ ಸರಿಯುತ್ತಾ ಹೋಯಿತು. ಗಡಿಯಾರವನ್ನು 31 ಸೆಕೆಂಡಿಗೆ ತಂದು ನಿಲ್ಲಿಸಿ ಒದ್ದರು.

ಅದೃಷ್ಟ ಕೈಕೊಟ್ಟಿತು ಅನ್ನುವುದಕ್ಕೆ ಇಲ್ಲಿ ಜಾಗವಿಲ್ಲ. ಅಂಪೈರ್ ತಪ್ಪು ಮಾಡಲಿಲ್ಲ, ಮಳೆ ಬರಲಿಲ್ಲ. ಸಣ್ಣ ತಂಡ ಮುಂಚೂಣಿಯಲ್ಲಿ ದೊಡ್ಡ ತಂಡವನ್ನು ತಳ್ಳಿತು.

ಮುಂದಿನ ಏಳು ದಿನ

ರ‍್ಯಾಂಕ್ 5ರಿಂದ 18ಕ್ಕೆ ಬಿತ್ತು. ಆ ವರ್ಷ ರಾಷ್ಟ್ರೀಯ ಪ್ಲೇಆಫ್, ಅಂದರೆ ಪ್ರಶಸ್ತಿಗಾಗಿ ಋತುವಿನ ಕೊನೆಗೆ ನಡೆಯುವ ನಾಕೌಟ್ ಸುತ್ತು, ಮೊದಲ ಸಲ 12 ತಂಡಗಳಿಗೆ ವಿಸ್ತಾರವಾಗಿತ್ತು. ಒಂದು ಸೋಲು ನುಂಗಿಕೊಳ್ಳಬಹುದಿತ್ತು. ಆದರೆ ನೋಟರ್ ಡೇಮ್ ಯಾವ ಕಾನ್ಫರೆನ್ಸ್‌ಗೂ, ಅಂದರೆ ತಮ್ಮತಮ್ಮಲ್ಲೇ ಪ್ರಶಸ್ತಿಗೆ ಆಡುವ ವಿಶ್ವವಿದ್ಯಾಲಯಗಳ ಗುಂಪಿಗೂ, ಸೇರದ ತಂಡ. ಕಾನ್ಫರೆನ್ಸ್ ಪ್ರಶಸ್ತಿ ಗೆದ್ದು ಒಳಗೆ ಹೋಗುವ ದಾರಿ ಅದಕ್ಕಿಲ್ಲ. ಇನ್ನೊಂದು ಸೋತರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಅಂದರೆ ಸೆಪ್ಟೆಂಬರ್ ಎರಡನೇ ವಾರದಿಂದಲೇ ಪ್ರತಿ ಶನಿವಾರವೂ ಫೈನಲ್.

ಕೋಚ್ ಮುಂದೆ ಇದ್ದ ದಾರಿಗಳನ್ನು ಯೋಚಿಸಿ. ಕ್ವಾರ್ಟರ್‌ಬ್ಯಾಕ್‌ನನ್ನು ಬದಲಿಸಬಹುದಿತ್ತು. ಜನ ಅದನ್ನೇ ಕೇಳುತ್ತಿದ್ದರು. ಹುಡುಗರು ಮೈಗಳ್ಳತನ ಮಾಡಿದರು ಅನ್ನಬಹುದಿತ್ತು. ಅಥವಾ, ಇದೊಂದು ಕೆಟ್ಟ ದಿನ, ಮರೆತುಬಿಡೋಣ ಅನ್ನಬಹುದಿತ್ತು. ಎಷ್ಟೋ ಕೋಚ್‌ಗಳು ಹೇಳುವುದು ಇದನ್ನೇ, ಮರೆತು ಮುಂದಕ್ಕೆ ಹೋಗಿ ಅಂತ.

ಫ್ರೀಮನ್ ಮೂರನ್ನೂ ಮಾಡಲಿಲ್ಲ. ಪಂದ್ಯ ಮುಗಿದ ಕೂಡಲೇ ಪತ್ರಕರ್ತರ ಎದುರು ಬಂದು ಹೊಣೆಯನ್ನು ತಮ್ಮಿಂದಲೇ ಶುರು ಮಾಡಿದರು. ಇಲ್ಲಿಗೆ ಮುಂಚೆಯೂ ಬಂದಿದ್ದೇವೆ, ಇದರಿಂದ ಏಳುವುದು ಹೇಗೆ ಎಂದು ಗೊತ್ತು ಅನ್ನುವ ಧಾಟಿಯಲ್ಲಿ ಮಾತಾಡಿದರು. ಲೆನರ್ಡ್‌ರನ್ನು ಬದಲಿಸಲಿಲ್ಲ. ಆ ಸೋಲಿನ ನೋವನ್ನು ಮರೆಯಬೇಡಿ ಎಂದು ಋತುವಿನುದ್ದಕ್ಕೂ ಹೇಳುತ್ತಲೇ ಇದ್ದರು. ನನಗೆ ಬಹಳ ಇಷ್ಟವಾದದ್ದು ಇದು. ಮರೆತ ಸೋಲು ಯಾರಿಗೂ ಏನೂ ಕಲಿಸುವುದಿಲ್ಲ ಅಲ್ವಾ. ಮಾರ್ಷಲ್ ವಿರುದ್ಧದ ಸೋಲು ಎರಡೇ ವರ್ಷದಲ್ಲಿ ಇನ್ನೊಂದು ಹೆಸರಿನಲ್ಲಿ ವಾಪಸ್ ಬಂದಿತ್ತು ತಾನೆ?

ಲೆನರ್ಡ್ ಬಗ್ಗೆ ಇನ್ನೊಂದು ಮಾತು. ಮೊದಲ ಮೂರು ಪಂದ್ಯಗಳಲ್ಲಿ ಅವರ ಕೈಯಿಂದ ಒಂದೂ ಟಚ್‌ಡೌನ್ ಪಾಸ್ ಬರಲಿಲ್ಲ. ಅಂಥವರನ್ನು ಇಟ್ಟುಕೊಳ್ಳುವುದಕ್ಕೆ ಧೈರ್ಯ ಬೇಕು. ಕುರುಡು ನಂಬಿಕೆಯೂ ಅಲ್ಲ ಅದು. ಅಫೆನ್ಸ್, ಅಂದರೆ ಚೆಂಡು ತಮ್ಮ ಕೈಯಲ್ಲಿರುವಾಗ ಆಡುವ ಪಡೆ, ನೋಡಿಕೊಳ್ಳುವ ಮೈಕ್ ಡೆನ್‌ಬ್ರಾಕ್, ಲೆನರ್ಡ್‌ಗೆ ಏನು ಬರುತ್ತದೋ ಅದರ ಸುತ್ತ ಆಟ ಕಟ್ಟಿದರು. ಓಡುವ ಕ್ವಾರ್ಟರ್‌ಬ್ಯಾಕ್‌ನನ್ನು ಓಡಲು ಬಿಟ್ಟರು.

ಸೆಪ್ಟೆಂಬರ್ 14ರ ಎದುರಾಳಿ ಪರ್ಡ್ಯೂ. ಫ್ರೀಮನ್ ನಾಲ್ಕು ವರ್ಷ ಕೆಲಸ ಮಾಡಿದ್ದ ಅದೇ ಪರ್ಡ್ಯೂ, ಅವರದ್ದೇ ಮೈದಾನದಲ್ಲಿ. ಅರ್ಧ ಆಟಕ್ಕೆ 42–0. ಮುಗಿದಾಗ 66–7. ಲೆನರ್ಡ್ 100 ಯಾರ್ಡ್ ಓಡಿ ಮೂರು ಟಚ್‌ಡೌನ್ ಮಾಡಿದ್ದರು. ಪರ್ಡ್ಯೂ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರದ ಸೋಲು ಇರಲಿಲ್ಲ.

ನಾಲ್ಕನೇ ಪಂದ್ಯದಲ್ಲಿ ಒಹಾಯೋದ ಮಯಾಮಿ ವಿರುದ್ಧ ಲೆನರ್ಡ್‌ರ ಮೊದಲ ಟಚ್‌ಡೌನ್ ಪಾಸ್ ಬಂತು. ಆಮೇಲೆ ಲೂಯಿವಿಲ್, ಸ್ಟ್ಯಾನ್‌ಫರ್ಡ್, ಜಾರ್ಜಿಯಾ ಟೆಕ್, ನೇವಿ, ಫ್ಲೋರಿಡಾ ಸ್ಟೇಟ್, ವರ್ಜೀನಿಯಾ, ಆರ್ಮಿ. ನಡುವೆ ಒಬ್ಬೊಬ್ಬರೇ ಗಾಯಗೊಂಡು ಹೊರಬಿದ್ದರು. ಎದುರಾಳಿಯ ಪಾಸ್ ತಡೆಯುವ ಅತ್ಯುತ್ತಮ ಕಾರ್ನರ್‌ಬ್ಯಾಕ್ ಬೆಂಜಮಿನ್ ಮಾರಿಸನ್ ಸೊಂಟದ ಗಾಯದಿಂದ ಅಕ್ಟೋಬರ್‌ನಲ್ಲೇ ಹೋದರು. ಅವರ ಜಾಗ ತುಂಬಿದವರಲ್ಲಿ ಕಿರಿಯ ಹುಡುಗರೇ ಜಾಸ್ತಿ. ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿರುದ್ಧ 49–35. ಆ ಪಂದ್ಯದ ಕೊನೇ ಭಾಗದಲ್ಲಿ ಕ್ರಿಶ್ಚಿಯನ್ ಗ್ರೇ ಎದುರಾಳಿಯ ಪಾಸ್ ಹಿಡಿದು 99 ಯಾರ್ಡ್ ಓಡಿದರೆ, ಝೇವಿಯರ್ ವಾಟ್ಸ್ 100 ಯಾರ್ಡ್ ಓಡಿದರು. ಎರಡೂ ಟಚ್‌ಡೌನ್. ಹನ್ನೊಂದು ಗೆಲುವು, ಒಂದು ಸೋಲು. ಪ್ಲೇಆಫ್ ಬಾಗಿಲು ತೆರೆಯಿತು.

ಹನ್ನೊಂದು ಜನ ಹೊರಗೆ, ಹನ್ನೊಂದು ಜನ ಒಳಗೆ

ಮೊದಲ ಸುತ್ತು ಡಿಸೆಂಬರ್ 20ರ ರಾತ್ರಿ ಸೌತ್ ಬೆಂಡ್‌ನಲ್ಲೇ, ಇಂಡಿಯಾನಾ ವಿರುದ್ಧ. ಜೆರಮಾಯಾ ಲವ್ ಶುರುವಿನಲ್ಲೇ 98 ಯಾರ್ಡ್ ಓಡಿ ಮೈದಾನ ಬೆಚ್ಚಗಾಗಿಸಿದರು. 27–17.

ಕ್ವಾರ್ಟರ್ ಫೈನಲ್ ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್, ಎದುರಾಳಿ ಜಾರ್ಜಿಯಾ. ಜನವರಿ 1ರ ರಾತ್ರಿ ಆಡಬೇಕಿತ್ತು. ಆ ದಿನ ನಸುಕಿನಲ್ಲಿ ಅದೇ ಊರಿನ ಬರ್ಬನ್ ಸ್ಟ್ರೀಟ್‌ನಲ್ಲಿ ಒಬ್ಬ ಜನರ ಮೇಲೆ ಟ್ರಕ್ ಹತ್ತಿಸಿ 14 ಮಂದಿಯನ್ನು ಕೊಂದ. ಪಂದ್ಯ ಒಂದು ದಿನ ಮುಂದಕ್ಕೆ ಹೋಯಿತು. ಆ ದುಃಖದ ಊರಿನಲ್ಲಿ ಹೋಟೆಲ್ ಕೋಣೆಗಳಲ್ಲಿ ಕೂತು ಕಾದ ಹುಡುಗರು ಜನವರಿ 2ರಂದು ಮೈದಾನಕ್ಕೆ ಇಳಿದರು.

ಈ ಪಂದ್ಯದ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಕೊನೇ ಭಾಗ. ನೋಟರ್ ಡೇಮ್ 23–10 ಮುಂದಿದೆ. ಚೆಂಡು ತಮ್ಮದೇ 18 ಯಾರ್ಡ್ ಗೆರೆಯಲ್ಲಿದೆ. ನಾಲ್ಕನೇ ಅವಕಾಶ, ಬೇಕಾಗಿರುವುದು 1 ಯಾರ್ಡ್. ಇಲ್ಲಿ ಯಾರೇ ಆದರೂ ಪಂಟ್ ಮಾಡುತ್ತಾರೆ. ಪಂಟ್ ಮಾಡುವ 11 ಜನ ಮೈದಾನಕ್ಕೆ ಬಂದು ಸಾಲಾಗಿ ನಿಂತರು. ಜಾರ್ಜಿಯಾ ಕೂಡ ಅದಕ್ಕೆ ತಕ್ಕ ಹಾಗೆ ನಿಂತಿತು. ಇದ್ದಕ್ಕಿದ್ದಂತೆ ಆ 11 ಜನವೂ ತಿರುಗಿ ಬದಿಗೆ ಓಡಿದರು. ಅದೇ ಹೊತ್ತಿಗೆ ಬದಿಯಿಂದ ಅಫೆನ್ಸ್‌ನ 11 ಜನ ಒಳಗೆ ಓಡಿ ಬಂದರು. ಜಾರ್ಜಿಯಾ ಗಲಿಬಿಲಿಯಾಯಿತು. ಲೆನರ್ಡ್ ಕೂಗುತ್ತಾ ಚೆಂಡಿಗೆ ಕೈ ಚಾಚಿದಂತೆ ಮಾಡಿದರು. ಜಾರ್ಜಿಯಾದವರು ಚೆಂಡು ಅಲುಗುವ ಮುಂಚೆಯೇ ಅದು ಇದ್ದ ಗೆರೆ ದಾಟಿ ಹಾರಿಬಿಟ್ಟರು. 5 ಯಾರ್ಡ್ ಪೆನಾಲ್ಟಿ. ನೋಟರ್ ಡೇಮ್‌ಗೆ ಮತ್ತೆ ನಾಲ್ಕು ಅವಕಾಶ. ಜಾರ್ಜಿಯಾ ಕೈಗೆ ಚೆಂಡು ಮರಳಿ ಸಿಗುವ ಹೊತ್ತಿಗೆ ಆಟ ಬಹುತೇಕ ಮುಗಿದಿತ್ತು.

ಹದಿನೈದು ತಿಂಗಳ ಹಿಂದೆ ಹನ್ನೊಂದನೆಯವನನ್ನು ಒಳಗೆ ಕಳಿಸಲಾಗದ ತಂಡ ಇದೇ. ಈಗ ದೇಶವೇ ನೋಡುತ್ತಿರುವಾಗ, ಕೆಲವೇ ಸೆಕೆಂಡುಗಳಲ್ಲಿ, 11 ಜನರನ್ನು ತೆಗೆದು 11 ಜನರನ್ನು ಹಾಕಿತು. ಒಬ್ಬ ಹೆಚ್ಚಿಲ್ಲ, ಒಬ್ಬ ಕಡಿಮೆಯಿಲ್ಲ. ಇಂಥದ್ದು ಪಂದ್ಯದ ದಿನ ಹೊಳೆಯುವ ಉಪಾಯ ಅಲ್ಲ. ವಾರದ ನಡುವೆ, ಕ್ಯಾಮೆರಾ ಇಲ್ಲದ ಕಡೆ, ಓಡಿ ಒಳಗೆ ಬಂದು ಓಡಿ ಹೊರಗೆ ಹೋಗಿ ಕಲಿಯುವಂಥದ್ದು. ಯಾರು ಎಲ್ಲಿಂದ ಓಡಬೇಕು, ಯಾರು ಯಾರಿಗೆ ಡಿಕ್ಕಿ ಹೊಡೆಯಬಾರದು ಎಂಬಷ್ಟು ಸಣ್ಣ ವಿಷಯ. ಆ ದೃಶ್ಯ ನೋಡಿದಾಗ ನನಗೆ ನಿಜವಾಗಿ ಕಣ್ಣು ತುಂಬಿತು.

ಸೆಮಿಫೈನಲ್ ಜನವರಿ 9, ಆರೆಂಜ್ ಬೌಲ್, ಪೆನ್ ಸ್ಟೇಟ್. ಅರ್ಧ ಆಟಕ್ಕೆ 10–3 ಹಿಂದೆ. ಲೆನರ್ಡ್ ತಲೆಗೆ ಏಟು ಬಿದ್ದು ತಪಾಸಣೆಗೆ ಹೋದಾಗ ಬದಲಿ ಕ್ವಾರ್ಟರ್‌ಬ್ಯಾಕ್ ಸ್ಟೀವ್ ಏಂಜೆಲಿ ಬಂದು ಮೂರು ಅಂಕ ತಂದುಕೊಟ್ಟಿದ್ದರು. ಕೊನೆಗೆ 24–24. 33 ಸೆಕೆಂಡ್ ಇರುವಾಗ ಕ್ರಿಶ್ಚಿಯನ್ ಗ್ರೇ ನೆಲಕ್ಕೆ ಹಾರಿ ಪಾಸ್ ಹಿಡಿದರು. 7 ಸೆಕೆಂಡ್ ಇರುವಾಗ ಮಿಚ್ ಜೀಟರ್ 41 ಯಾರ್ಡ್‌ನಿಂದ ಒದ್ದರು. 27–24. ಸೆಪ್ಟೆಂಬರ್‌ನಲ್ಲಿ 62 ಯಾರ್ಡ್‌ನಿಂದ ಒದ್ದು ತಡೆಸಿಕೊಂಡಿದ್ದೂ ಇದೇ ಜೀಟರ್.

ರಾಷ್ಟ್ರೀಯ ಫೈನಲ್‌ಗೆ ತಂಡ ಒಯ್ದ ಮೊದಲ ಕಪ್ಪು ವರ್ಣದ ಹೆಡ್ ಕೋಚ್, ಏಷ್ಯಾ ಮೂಲದ ಮೊದಲ ಹೆಡ್ ಕೋಚ್ ಎರಡೂ ಫ್ರೀಮನ್ ಅವರೇ ಆದರು. ಮೈದಾನದಲ್ಲೇ ಆ ಬಗ್ಗೆ ಕೇಳಿದಾಗ, ಅದು ತಮಗೆ ಗೌರವ, ಎಲ್ಲ ಬಣ್ಣದ ಒಳ್ಳೇ ಕೋಚ್‌ಗಳಿಗೂ ಅವಕಾಶ ಸಿಗಲಿ, ಆದರೆ ಇದು ತಮ್ಮ ಕಥೆಯಲ್ಲ, ತಂಡದ್ದು ಎಂದರು.

ಅಟ್ಲಾಂಟಾ

2025ರ ಜನವರಿ 20. ಎದುರಿಗೆ ಮತ್ತೆ ಒಹಾಯೋ ಸ್ಟೇಟ್. ಆ ಕಡೆ ಲೈನ್‌ಬ್ಯಾಕರ್‌ಗಳ ಕೋಚ್ ಆಗಿ ನಿಂತಿದ್ದವರು ಜೇಮ್ಸ್ ಲಾರಿನೈಟಿಸ್. ಕಾಲೇಜಿನಲ್ಲಿ ಅಕ್ಕಪಕ್ಕ ಆಡಿದ ಗೆಳೆಯರು ಈಗ ಎದುರುಬದುರು. ಆಡುವ ದಿನಗಳಲ್ಲಿ ಇಬ್ಬರೂ ಒಹಾಯೋ ಸ್ಟೇಟ್ ಪರವಾಗಿ ಎರಡು ರಾಷ್ಟ್ರೀಯ ಫೈನಲ್ ಸೋತವರು, ಒಂದು ಫ್ಲೋರಿಡಾ ವಿರುದ್ಧ, ಇನ್ನೊಂದು ಲೂಯಿಸಿಯಾನಾ ಸ್ಟೇಟ್ ವಿರುದ್ಧ.

ಮೊದಲ ಸಲ ಚೆಂಡು ಸಿಕ್ಕಾಗ ನೋಟರ್ ಡೇಮ್ 18 ಅವಕಾಶ ಬಳಸಿ, 9 ನಿಮಿಷ 45 ಸೆಕೆಂಡ್ ತೆಗೆದುಕೊಂಡು, 75 ಯಾರ್ಡ್ ನಡೆದು ಟಚ್‌ಡೌನ್ ಮಾಡಿತು. ಓಡಿ ಓಡಿ ಸುಸ್ತಾದ ಲೆನರ್ಡ್ ಬದಿಗೆ ಬಂದು ವಾಂತಿ ಮಾಡಿಕೊಂಡರು. ಆಮೇಲೆ ಒಹಾಯೋ ಸ್ಟೇಟ್ ಸತತ 31 ಅಂಕ ಪೇರಿಸಿತು. ನೋಟರ್ ಡೇಮ್ ಎದ್ದು ಬಂದರೂ ಅಂತರ ಮುಚ್ಚಲಿಲ್ಲ. 34–23.

ಇಲ್ಲಿ ಒಂದು ನಿರ್ಧಾರವನ್ನು ನಾನು ಒಪ್ಪುವುದಿಲ್ಲ. 16 ಅಂಕ ಹಿಂದಿದ್ದಾಗ, ಎದುರಾಳಿಯ ಗೆರೆಯಿಂದ 9 ಯಾರ್ಡ್ ದೂರದಲ್ಲಿ, ನಾಲ್ಕನೇ ಅವಕಾಶ. ಫ್ರೀಮನ್ ಫೀಲ್ಡ್ ಗೋಲ್‌ಗೆ ಕಳಿಸಿದರು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಒಳಗೆ ಹೋಗಿದ್ದರೂ ಇನ್ನೂ 13 ಬೇಕಿತ್ತು, ಎರಡು ಟಚ್‌ಡೌನ್ ಬೇಕೇ ಬೇಕಿತ್ತು. 16 ಇದ್ದಾಗಲೂ ಎರಡೇ ಸಾಕು, ಎರಡಕ್ಕೂ ಒಂದು ಅಂಕದ ಒದೆಯ ಬದಲು ಚೆಂಡನ್ನು ಮತ್ತೆ ಗೆರೆ ದಾಟಿಸಿ ಹೆಚ್ಚಿನ ಎರಡೆರಡು ಅಂಕ ಸಿಕ್ಕರೆ ಆಟ ಸಮ. ಅದು ಕಷ್ಟ ಎಂಬ ಅವರ ಲೆಕ್ಕ ಅರ್ಥವಾಗುತ್ತದೆ. ಆದರೂ ಆ ಹೊತ್ತಿಗೆ ಗಡಿಯಾರ ಅಂಕಕ್ಕಿಂತ ದೊಡ್ಡ ಶತ್ರುವಾಗಿತ್ತು. ಗೆರೆಗೆ ಅಷ್ಟು ಹತ್ತಿರ ಮತ್ತೆ ಎಷ್ಟು ಸಲ ಬರಲು ಸಾಧ್ಯ? ಜಾರ್ಜಿಯಾ ಎದುರು 1 ಯಾರ್ಡ್‌ಗೆ ಅಷ್ಟು ಗಟ್ಟಿ ಮನಸ್ಸು ಮಾಡಿದವರು ಇಲ್ಲಿ ಕೈ ಹಿಡಿದುಕೊಂಡರು.

ಮರುವರ್ಷ

2025ರ ಋತು ಎರಡು ಸೋಲಿನಿಂದ ಶುರುವಾಯಿತು. ಮಯಾಮಿ ವಿರುದ್ಧ 27–24. ಟೆಕ್ಸಸ್ ಎ ಅಂಡ್ ಎಂ ವಿರುದ್ಧ 41–40. ಎರಡನೆಯದರಲ್ಲಿ ನೋಟರ್ ಡೇಮ್ ಕೊನೇ ನಿಮಿಷಗಳಲ್ಲಿ ಟಚ್‌ಡೌನ್ ಮಾಡಿ 40ಕ್ಕೆ ಬಂದಿತ್ತು. ಅದರ ಹಿಂದಿನ ಒಂದು ಅಂಕದ ಒದೆಗೆ ಚೆಂಡು ಹಿಡಿದು ನಿಲ್ಲಿಸಬೇಕಾದವರ ಕೈಯಿಂದ ಚೆಂಡು ಜಾರಿತು. ಒದೆಯುವುದೇ ಆಗಲಿಲ್ಲ. 13 ಸೆಕೆಂಡ್ ಇರುವಾಗ ಎದುರಾಳಿ ಟಚ್‌ಡೌನ್ ಮಾಡಿ, ಒಂದು ಅಂಕದ ಒದೆಯನ್ನು ಸರಿಯಾಗಿ ಒದ್ದು ಗೆದ್ದಿತು.

ಮುಂದಿನ ಶನಿವಾರ ಎದುರಿಗೆ ಬಂದಿದ್ದು ಮತ್ತೆ ಪರ್ಡ್ಯೂ. ಈ ಸಲ 56–30. ಅಲ್ಲಿಂದ ಸತತ ಹತ್ತು ಗೆಲುವು, ಹತ್ತರಲ್ಲೂ ಅಂತರ 10 ಅಂಕ ಅಥವಾ ಅದಕ್ಕಿಂತ ಜಾಸ್ತಿ. ಡಿಸೆಂಬರ್ 7ರಂದು ಪ್ಲೇಆಫ್‌ನ 12 ಹೆಸರುಗಳನ್ನು ಓದಿದಾಗ ನೋಟರ್ ಡೇಮ್ ಹೆಸರು ಅದರಲ್ಲಿ ಇರಲಿಲ್ಲ. ಬೇರೆ ಬೌಲ್ ಪಂದ್ಯ ಆಡುವುದಿಲ್ಲ ಎಂದು ತಂಡ ಹೇಳಿ ಋತು ಮುಗಿಸಿತು. ಇಡೀ ವರ್ಷದ ಎರಡು ಸೋಲುಗಳ ಅಂತರ ಒಟ್ಟು ನಾಲ್ಕು ಅಂಕ. ಕೈಜಾರಿದ ಆ ಒದೆಯದ್ದು ಒಂದು.